ಶುಶ್ರೂಷೆಯೂ ಗೃಹಸ್ಥಿತಿಯೂ: ಲಿಲಿಯನ್ ವಾಲ್ಡಳ ಕಾರ್ಯ

ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಚರಕಸಂಹಿತೆಯು ಹೇಳುತ್ತದೆ. ಇವುಗಳಲ್ಲಿ ಪರಿಚಾರಕನ ಪಾದವು ವೈದ್ಯನ ಆಜ್ಞೆಯನ್ನು ನೆರವೇರಿಸುವುದಕ್ಕೆ ಮಾತ್ರ ಉಳ್ಳದ್ದೆಂದು ಬಹುಜನರ ಭಾವನೆ. ಆ ಪಾದಕ್ಕೆ ಸ್ವತಂತ್ರವಾದ ದೃಷ್ಟಿಯೊಂದುಂಟೆಂದೂ, ಆ ದೃಷ್ಟಿಗೆ ರೋಗಿಯೊಡನೆ ಅವನ ಮನೆಯೂ ಗೋಚರಿಸುವುದೆಂದೂ ಕಾರ್ಯದಿಂದ ತೋರಿಸಿಕೊಟ್ಟವರಲ್ಲಿ ಅಮೆರಿಕದ ಲಿಲಿಯನ್ ವಾಲ್ಡ್ (1867–1940) ಎಂಬಾಕೆಯು ಅಗ್ರಗಣ್ಯಳು.

ಈಕೆಯು 1891ರಲ್ಲಿ ನ್ಯೂಯಾರ್ಕ್ ಆಸ್ಪತ್ರೆಯ ದಾದಿಯರ ಶಿಕ್ಷಣಶಾಲೆಯಲ್ಲಿ ವ್ಯಾಸಂಗವನ್ನು ಮುಗಿಸಿ, ಬಳಿಕ ವೈದ್ಯವಿದ್ಯೆಯನ್ನು ಕಲಿಯತೊಡಗಿದ್ದಳು. 1893ರಲ್ಲಿ ಆ ನಗರದ ಪೂರ್ವಭಾಗದಲ್ಲಿ, ಯೂರೋಪಿನಿಂದ ವಲಸೆ ಬಂದ ಬಡವರು ಕಿಕ್ಕಿರಿದಿದ್ದ ಕೇರಿಯಲ್ಲಿ, ಸ್ತ್ರೀಯರಿಗೆ ಗೃಹಶುಶ್ರೂಷೆಯ ಪಾಠವನ್ನು ಹೇಳುತ್ತಿದ್ದಾಗ, ಹುಡುಗಿಯೊಬ್ಬಳು ಬಂದು ಈಕೆಯನ್ನು ತನ್ನ ತಾಯಿಯ ಬಳಿಗೆ ಕರೆದೊಯ್ದಳು. ಏಳು ಜನರ ಕುಟುಂಬವು ಬಾಡಿಗೆಗೆ ಇರಿಸಿಕೊಂಡ ಪರರೊಡನೆ ಎರಡೇ ಕೋಣೆಗಳಲ್ಲಿದ್ದಿತು. ಬಾಣಂತಿಯು ರಕ್ತಸ್ರಾವದಿಂದ ಬಳಲಿ ಮಲಿನವಾದ ಹಾಸಿಗೆಯಲ್ಲಿ ಬಿದ್ದಿದ್ದಳು. ವಾಲ್ಡಳು ವೈದ್ಯಶಾಲೆಯನ್ನು ಬಿಟ್ಟು, ಮೇರಿ ಬ್ರೂಸ್ಟರ್ ಎಂಬ ಸಹಪಾಠಿನಿಯೊಡನೆ ಅದೇ ಕೇರಿಯಲ್ಲಿ ನೆಲಸಿದಳು. 1895ರಲ್ಲಿ ಹೆನ್ರಿ ಬೀದಿಯ ಮನೆಯೊಂದು ಈ ಕಾರ್ಯಕ್ಕೆ ಕೇಂದ್ರವಾಯಿತು. ವೈದ್ಯನು ಕಳುಹಿಸಿದಲ್ಲದೆ ದಾದಿಯು ಹೋಗಕೂಡದೆಂಬ ಕಟ್ಟಳೆ ಇಲ್ಲಿರಲಿಲ್ಲ. ಮನೆಯವರೇ ಕರೆದರೂ ಅವಳು ಹೋಗುತ್ತಿದ್ದಳು.

ಈ ಪದ್ಧತಿಯ ಸಾರವು ಪಾಠಶಾಲೆಗಳ ವಿಷಯದಲ್ಲಿ ಸ್ಪಷ್ಟವಾಗುತ್ತದೆ. ನ್ಯೂಯಾರ್ಕಿನ ವೈದ್ಯಪರೀಕ್ಷಕರು ಸಾಂಕ್ರಾಮಿಕ ನೇತ್ರರೋಗ, ಚರ್ಮರೋಗಗಳುಳ್ಳ ಮಕ್ಕಳನ್ನು ಶಾಲೆಯಿಂದ ಹೊರಗೆ ಕಳುಹುತ್ತಿದ್ದರು. ರೋಗವನ್ನು ಗುರುತಿಸಿದ್ದೇನೋ ಸರಿಯೇ. ಆದರೆ ಮನೆಯಲ್ಲಿ ಔಷಧವನ್ನು ಹಚ್ಚುವವರಿಲ್ಲದೆ, ಅದೇ ಮಕ್ಕಳು ಬೀದಿಯಲ್ಲಿ ಉಳಿದವರೊಡನೆ ಆಡುತ್ತಿದ್ದರು. ವಾಲ್ಡಳ ಸಲಹೆಯಂತೆ 1902ರ ಅಕ್ಟೋಬರಿನಲ್ಲಿ ಲೀನಾ ರೋಜರ್ಸ್ ಎಂಬ ದಾದಿಯನ್ನು ನಾಲ್ಕು ಶಾಲೆಗಳಲ್ಲಿ ಒಂದು ತಿಂಗಳ ಮಟ್ಟಿಗೆ ನಿಯಮಿಸಲಾಯಿತು. ಆಕೆಯು ಸಣ್ಣ ರೋಗಗಳಿಗೆ ಶಾಲೆಯಲ್ಲಿಯೇ ಉಪಚಾರ ಮಾಡಿ, ಮನೆಗಳಿಗೆ ಹೋಗಿ ತಾಯಂದಿರಿಗೆ ಕ್ರಮವನ್ನು ತಿಳಿಸಿದಳು. ಮಕ್ಕಳು ಶಾಲೆಗೆ ಮರಳಿದರು. ನಗರವು ಇನ್ನಷ್ಟು ದಾದಿಯರನ್ನು ನೇಮಿಸಿತು.

ಮನೆಯನ್ನು ಹೊಕ್ಕ ಮೇಲೆ ಅದರ ಹೊರಗಿನ ಕಾರಣಗಳೂ ಕಂಡುಬಂದುವು. ಇಕ್ಕಟ್ಟಾದ ವಸತಿ, ಅಲ್ಪವೇತನ, ಮಕ್ಕಳ ದುಡಿಮೆ ಇವುಗಳಿಗೆ ಲೇಪವೂ ಕಷಾಯವೂ ಪ್ರತೀಕಾರವಲ್ಲ. ಆದುದರಿಂದಲೇ ಮಕ್ಕಳ ಸ್ಥಿತಿಯನ್ನು ವಿಚಾರಿಸಲು ರಾಷ್ಟ್ರಸರ್ಕಾರದಲ್ಲಿ ಒಂದು ಇಲಾಖೆಯು ಬೇಕೆಂದು ವಾಲ್ಡಳೂ ಫ್ಲಾರೆನ್ಸ್ ಕೆಲ್ಲಿಯೂ ವಾದಿಸಿದರು. 1912ರಲ್ಲಿ ಅದು ಸ್ಥಾಪಿತವಾಯಿತು. ತನ್ನ ಅನುಭವವನ್ನು ವಾಲ್ಡಳು 1915ರಲ್ಲಿ ‘ದಿ ಹೌಸ್ ಆನ್ ಹೆನ್ರಿ ಸ್ಟ್ರೀಟ್’ ಎಂಬ ಗ್ರಂಥವಾಗಿ ಪ್ರಕಟಿಸಿದಳು.

ಶುಶ್ರೂಷಾ ಎಂಬ ಶಬ್ದವು ಶ್ರು ಧಾತುವಿನ ಸನ್ನಂತದಿಂದ ಹುಟ್ಟಿದ್ದು. ಕೇಳಬೇಕೆಂಬ ಇಚ್ಛೆಯೇ ಅದರ ಮೂಲಾರ್ಥ, ಸೇವೆಯೆಂಬುದು ಅದರಿಂದ ಬೆಳೆದ ಅರ್ಥ. ವಾಲ್ಡಳಿಗೆ ಈ ವ್ಯುತ್ಪತ್ತಿಯು ತಿಳಿದಿರಬೇಕಾದ ಅಗತ್ಯವಿರಲಿಲ್ಲ. ಹುಡುಗಿಯೊಬ್ಬಳ ಕರೆಯನ್ನು ಕೇಳಿ ಹೊರಟ ಆಕೆಯ ಜೀವಿತದಲ್ಲಿ ಆ ಎರಡರ್ಥಗಳೂ ಒಂದಾದುವು.