ನೊರೆಹಾಲಿನ ಬೆನ್ನುನೋವು

ತಿಕೋಟಾ ಹತ್ತಿರದ ಹಳ್ಳಿಯಲ್ಲಿರೋ ನಮ್ಮ ಸೋದರಮಾವ ನಾಲ್ಕು ತಿಂಗಳು ಬೆನ್ನು ಹಿಡಿದುಕೊಂಡು ಓಡಾಡಿದ. ಎಕ್ಸ್‌ರೇ ನೋಡಿದವರೊಬ್ಬರು ‘ಡಿಸ್ಕ್ ಸವದದ’ ಅಂದರು. ನಾವೂ ನಂಬಿದೆವು. ದ್ರಾಕ್ಷಿ ತೋಟದಲ್ಲಿ ದಿನವಿಡೀ ಬಗ್ಗಿ ಏಳೋ ಮನುಷ್ಯನಿಗೆ ಇನ್ನೇನಾದೀತು? ಸಂಜೆಯಾದರೆ ಸಣ್ಣ ಜ್ವರ ಬರುತ್ತಿದ್ದುದನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ.

ಕೊನೆಗೆ ವಿಜಯಪುರದಲ್ಲಿ ಇನ್ನೊಬ್ಬ ಡಾಕ್ಟರು ಬೆನ್ನು ಮುಟ್ಟುವ ಮೊದಲೇ ಕೇಳಿದ್ದು ಇದು: “ಮನ್ಯಾಗ ಆಡು ಅದಾವೇನ್ರೀ? ನೊರೆಹಾಲು ಕುಡೀತೀರೇನು?”

“ಹೌದ್ರೀ, ಸಣ್ಣಾವ ಇದ್ದಾಗಿಂದ.”

ರಕ್ತಪರೀಕ್ಷೆಯಲ್ಲಿ ಬ್ರೂಸೆಲ್ಲಾ ಸಿಕ್ಕಿತು. ಎಂಆರ್‌ಐನಲ್ಲಿ ಕಂಡಿದ್ದು ಸವೆತವಲ್ಲ, ಸೋಂಕು.

ಆ ಪ್ರಶ್ನೆಗೆ ದೊಡ್ಡ ಇತಿಹಾಸವಿದೆ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಬ್ರಿಟಿಷ್ ಸೈನಿಕರ ಗುಲ್ಮದಿಂದ ಡೇವಿಡ್ ಬ್ರೂಸ್ ಈ ಬ್ಯಾಕ್ಟೀರಿಯಾವನ್ನು ಹಿಡಿದ. ಅದು ಬಂದದ್ದು ಎಲ್ಲಿಂದ ಅಂತ ತಿಳಿಯೋಕೆ 1905 ಆಗಬೇಕಾಯ್ತು. ಥೆಮಿಸ್ಟೋಕ್ಲಿಸ್ ಜಾಮಿಟ್ ಎಂಬ ಮಾಲ್ಟಾದವನೇ ಆದ ವೈದ್ಯ, ನೋಡೋಕೆ ಆರೋಗ್ಯವಾಗಿದ್ದ ಆಡುಗಳಲ್ಲಿ ಅದನ್ನು ಪತ್ತೆಮಾಡಿದ. ಮರುವರ್ಷ ಸೈನ್ಯ ಆಡಿನ ಹಾಲು ನಿಲ್ಲಿಸಿತು, ಸೈನಿಕರ ಜ್ವರ ಥಟ್ಟನೆ ಇಳಿಯಿತು.

ನಮ್ಮೂರಿನ ಅಧ್ಯಾಯ ಇನ್ನೂ ಹತ್ತಿರದ್ದು, ಆದರೂ ಗೋಳಗುಮ್ಮಟ ನೋಡೋಕೆ ಬಂದವರಿಗೆ ಯಾರೂ ಹೇಳಲ್ಲ. ಊರಿಗೆ ಬಿಜಾಪುರ ಅನ್ನೋ ಹೆಸರೇ ಇದ್ದ ಕಾಲದಲ್ಲಿ, ಬಿಎಲ್‌ಡಿಇ ಸಂಸ್ಥೆಯ ವೈದ್ಯಕೀಯ ಕಾಲೇಜಿನ ಲ್ಯಾಬಿನಲ್ಲಿ ಡಾ. ಬಿ. ಜಿ. ಮಂಟೂರ ಮತ್ತು ಜೊತೆಗಾರರು 16 ವರ್ಷ ದೊಡ್ಡವರ ರಕ್ತದ ಮಾದರಿಗಳನ್ನು ಬ್ರೂಸೆಲ್ಲಾಗಾಗಿ ಪರೀಕ್ಷಿಸುತ್ತಲೇ ಹೋದರು. ಒಟ್ಟು 26,948. ಅದರಲ್ಲಿ 495 ಜನರಿಗೆ ಸೋಂಕಿತ್ತು. 2006ರಲ್ಲಿ ಪ್ರಕಟವಾದ ಆ ವರದಿಯನ್ನು ಓದುವಾಗ ನನಗೆ ಮಾವನ ಜ್ವರವೇ ನೆನಪಾಗುತ್ತಿತ್ತು. ಈ ರೋಗ ನೂರು ವೇಷ ಹಾಕುತ್ತೆ, ಹುಡುಕದಿದ್ದರೆ ಸಿಗೋದಿಲ್ಲ.

ಬೆನ್ನಿಗೆ ಹೋಗೋದು ಹೇಗೆ? ದೊಡ್ಡವರ ಡಿಸ್ಕಿನಲ್ಲಿ ರಕ್ತನಾಳ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದರ ಮೇಲೆ-ಕೆಳಗಿನ ಎಲುಬಿನ ಅಂಚಿಗೆ ರಕ್ತ ಚೆನ್ನಾಗಿ ಹರಿಯುತ್ತೆ. ಬ್ಯಾಕ್ಟೀರಿಯಾ ಅಲ್ಲಿ ಬೀಡುಬಿಟ್ಟು ನಿಧಾನಕ್ಕೆ ಡಿಸ್ಕಿಗೆ ಇಳಿಯುತ್ತೆ.

ಇಷ್ಟೆಲ್ಲ ಓದಿ ನನಗೊಂದು ದುರಾಸೆ ಹುಟ್ಟಿತು. ಬೆಂಗಳೂರಿನಲ್ಲಿ ಹತ್ತು ಗಂಟೆ ಕುರ್ಚಿಗೆ ಅಂಟಿಕೊಂಡಿರೋ ನನ್ನ ಬೆನ್ನುನೋವೂ ಮಾತ್ರೆಯಲ್ಲಿ ಹೋಗಬಾರದೇಕೆ? ಹೀಗೆ ಯೋಚಿಸಿದ್ದು ನಾನೊಬ್ಬನೇ ಅಲ್ಲ. 2001ರಲ್ಲಿ ಬರ್ಮಿಂಗ್‌ಹ್ಯಾಮಿನ ವೈದ್ಯರು ಸಯಾಟಿಕಾ ಇದ್ದ 36 ಜನರಿಂದ ತೆಗೆದ ಡಿಸ್ಕ್ ತುಣುಕುಗಳನ್ನು ಪರೀಕ್ಷಿಸಿದಾಗ 19ರಲ್ಲಿ ಬ್ಯಾಕ್ಟೀರಿಯಾ ಬೆಳೆಯಿತು, ಹೆಚ್ಚಿನವು ಮೊಡವೆಯ ಬ್ಯಾಕ್ಟೀರಿಯಾ. ಅದು ಎಲ್ಲರ ಚರ್ಮದ ಮೇಲೂ ಇರುವಂಥದ್ದು. ಹಾಗಾದರೆ ಡಿಸ್ಕಿನೊಳಗೇ ಇತ್ತೋ, ಆಪರೇಷನ್ ವೇಳೆ ಚರ್ಮದಿಂದ ಅಂಟಿಕೊಂಡಿತೋ? ಜಗಳ ಇನ್ನೂ ಮುಗಿದಿಲ್ಲ.

2013ರಲ್ಲಿ ಡೆನ್ಮಾರ್ಕಿನವರು 162 ಜನರ ಮೇಲೆ ಪ್ರಯೋಗ ಮಾಡಿ, ನೂರು ದಿನದ ಆ್ಯಂಟಿಬಯೋಟಿಕ್ ಕೊಟ್ಟವರ ನೋವು ಇಳಿಯಿತು ಅಂದಾಗ ಪತ್ರಿಕೆಗಳು ಕುಣಿದಾಡಿದವು. ನಾರ್ವೆಯವರು ಅದನ್ನೇ 180 ಜನರ ಮೇಲೆ ಪರೀಕ್ಷಿಸಿದರು, ಮೂರು ತಿಂಗಳು ಅಮಾಕ್ಸಿಸಿಲಿನ್ ಕೊಟ್ಟು. ಫಲಿತಾಂಶ ಬಂದದ್ದು 2019ರಲ್ಲಿ. 24 ಅಂಕದ ಅಳತೆಯಲ್ಲಿ ಬರೀ ಮಾತ್ರೆಯಂತೆ ಕಾಣುವ ಹುಸಿ ಔಷಧಿಗೂ ಇದಕ್ಕೂ ವ್ಯತ್ಯಾಸ 1.6. ರೋಗಿಗೆ ಉಪಯೋಗವಾಯ್ತು ಅನ್ನೋಕೆ ಅವರೇ ಮೊದಲು ಗೊತ್ತುಮಾಡಿಕೊಂಡಿದ್ದು 4. ಅಷ್ಟು ದಿನ ಸುಮ್ಮನೆ ಆ್ಯಂಟಿಬಯೋಟಿಕ್ ನುಂಗಿದರೆ ನಾಳೆ ನಿಜವಾದ ಸೋಂಕಿಗೆ ಅದು ಕೆಲಸ ಮಾಡದೇ ಹೋಗಬಹುದು, ಅದು ಬೇರೆ ಲೆಕ್ಕ.

ಮಾವನ ಮಾತ್ರೆ ಮೂರು ತಿಂಗಳು ನಡೆಯಿತು. ಈಗ ತೋಟಕ್ಕೆ ಹೋಗ್ತಾನೆ. ಅತ್ತೆ ಹಾಲು ಮೂರು ಸಲ ಉಕ್ಕಿಸಿ ಕೊಡ್ತಾಳಂತೆ, ರುಚಿನೇ ಇಲ್ಲ ಅಂತ ಅವನ ತಕರಾರು. ಕೊನೆಯ ಸಲ ಅವನ ಜೊತೆ ಹೋದಾಗ ನಾನೂ ಮೆಲ್ಲಗೆ ನನ್ನ ಬೆನ್ನಿನ ವಿಷಯ ತೆಗೆದೆ. ಡಾಕ್ಟರು ಜ್ವರ ಕೇಳಿದರು, ಇಲ್ಲ ಅಂದೆ. ತೂಕ ಇಳಿದದೇನು ಅಂತ ಕೇಳಿದರು, ನನ್ನ ಹೊಟ್ಟೆ ನೋಡಿ ಅವರೇ ನಕ್ಕರು.

“ನೀವು ಪ್ಯಾಕೆಟ್ ಹಾಲಿನವ್ರು. ಏಳ್ರಿ, ಸ್ವಲ್ಪ ಅಡ್ಡಾಡ್ರಿ.”