ತಿದ್ದುಪಡಿ ಮತ್ತು ವಿಳಾಸ: ಎರಡು ತಾಲ್ಲೂಕುಗಳ ಶಾಸನಪಾಠದಿಂದ ಪೈಥಾನ್‌ವರೆಗೆ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಕಲ್ಲಿನಿಂದ ಕಾಗದಕ್ಕೆ ವ್ಯವಸ್ಥಿತವಾಗಿ ಇಳಿದದ್ದು 1894ರಲ್ಲಿ, ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟದಲ್ಲಿ. ಗಂಗರ ರಾಜಧಾನಿಯಾಗಿದ್ದ ತಲಕಾಡು ಮತ್ತು ಹೊಯ್ಸಳರ ಸೋಮನಾಥಪುರ ಎರಡೂ ನರಸೀಪುರ ತಾಲ್ಲೂಕಿಗೇ ಸೇರಿದವಾದ್ದರಿಂದ, ಕನ್ನಡ ಬರವಣಿಗೆಯ ಹಲವು ಶತಮಾನಗಳ ಬದಲಾವಣೆ ಈ ಸಣ್ಣ ಸೀಮೆಯೊಳಗೇ ಕಾಣಸಿಗುತ್ತದೆ. ರೈಸ್ ಪ್ರತಿ ತಾಲ್ಲೂಕಿನ ಶಾಸನಗಳಿಗೂ ಒಂದರಿಂದ ಆರಂಭಿಸಿ ಬೇರೆಬೇರೆ ಸಂಖ್ಯೆ ಕೊಟ್ಟರು. ತಾಲ್ಲೂಕಿನ ಹೆಸರು ಮತ್ತು ಆ ಸಂಖ್ಯೆ ಕೂಡಿ ಶಾಸನದ ವಿಳಾಸವಾಯಿತು, ಮುಂದಿನ ಎಂಬತ್ತು ವರ್ಷಗಳ ಇತಿಹಾಸಗ್ರಂಥಗಳ ಅಡಿಟಿಪ್ಪಣಿಗಳೆಲ್ಲ ಆ ವಿಳಾಸವನ್ನೇ ನೆಚ್ಚಿಕೊಂಡವು.

ರೈಸ್ ಪಾಠಗಳಲ್ಲಿ ತಪ್ಪುಗಳಿರಲಿಲ್ಲವೆಂದಲ್ಲ. ಸವೆದ ಸಾಲುಗಳನ್ನು ಮತ್ತೆ ಓದಿ, ನಂತರ ದೊರೆತ ಶಾಸನಗಳನ್ನು ಸೇರಿಸಿ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ಹೊರತಂದಾಗ ನಂಜನಗೂಡು 1974ರ ಮೂರನೆಯ ಸಂಪುಟದಲ್ಲೂ ನರಸೀಪುರ 1976ರ ಐದನೆಯ ಸಂಪುಟದಲ್ಲೂ ಬಂದವು. ಪಾಠ ಸುಧಾರಿಸಿತು, ಆದರೆ ಸಂಖ್ಯೆಗಳೂ ಬದಲಾದವು; ಇದರಿಂದಾಗಿ ಒಂದೇ ಕಲ್ಲಿಗೆ ಹಳೆಯದೊಂದು, ಹೊಸದೊಂದು ವಿಳಾಸ ಏರ್ಪಟ್ಟು, ಉಲ್ಲೇಖಿಸುವವರು ಯಾವ ಆವೃತ್ತಿಯ ಸಂಖ್ಯೆ ಎಂಬುದನ್ನು ಹೇಳಲೇಬೇಕಾಯಿತು. ತಪ್ಪನ್ನು ತಿದ್ದುವುದು ಸುಲಭ, ತಪ್ಪಿನ ಮೇಲೆ ಈಗಾಗಲೇ ಕಟ್ಟಿದ್ದನ್ನು ಅಲುಗಿಸದೆ ತಿದ್ದುವುದು ಕಷ್ಟ ಎಂಬ ಈ ತೊಡಕು ಗಣಕಯಂತ್ರಗಳ ಕಾಲದಲ್ಲಿ ಅದೇ ಶಾಸನಗಳ ಅಕ್ಷರಗಳಿಗೇ ಮತ್ತೆ ಎದುರಾಯಿತು.

ಆ ಅಕ್ಷರಗಳಲ್ಲಿ ಮುಖ್ಯವಾದುದು ‘ೞ’. ಗಂಗರ ಕಾಲದ ಶಾಸನಗಳಲ್ಲಿ ಇದು ‘ಳ’ಕ್ಕಿಂತ ಬೇರೆಯಾದ, ತನ್ನದೇ ಉಚ್ಚಾರವುಳ್ಳ ಅಕ್ಷರ, ‘ಏೞು’ ‘ಏಳು’ ಆದದ್ದೂ, ‘ಕೞ್ತೆ’ ‘ಕತ್ತೆ’ ಆದದ್ದೂ ಇದು ಬಳಕೆಯಿಂದ ಕ್ರಮೇಣ ಜಾರಿದ ಮೇಲೆ. ಸೋಮ ದಣ್ಣಾಯಕನು ಸೋಮನಾಥಪುರದ ಅಗ್ರಹಾರವನ್ನೂ ಕೇಶವ ದೇವಾಲಯವನ್ನೂ ಕಟ್ಟಿಸಿದ ಹದಿಮೂರನೆಯ ಶತಮಾನದ ನಡುವಿನಲ್ಲೇ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ೞಕಾರವಿರುವ ಪದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತೆಂದರೆ, ಅಷ್ಟರಲ್ಲಿ ಬರೆಯುವವರಿಗೆ ಎಲ್ಲಿ ೞ, ಎಲ್ಲಿ ಳ ಎಂಬುದು ಕಿವಿಯಿಂದ ತಿಳಿಯುತ್ತಿರಲಿಲ್ಲವೆಂದೇ ಊಹಿಸಬೇಕು. ನಂಜನಗೂಡಿನ ರಸಬಾಳೆಯಲ್ಲಿರುವ ‘ಬಾಳೆ’ಯೂ ಹಿಂದೆ ‘ಬಾೞೆ’ಯೇ.

ಗಣಕಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ. ಜಗತ್ತಿನ ಲಿಪಿಗಳಿಗೆಲ್ಲ ಏಕರೂಪದ ಸಂಖ್ಯೆಗಳನ್ನು ಗೊತ್ತುಪಡಿಸುವ ಯೂನಿಕೋಡ್ ಶಿಷ್ಟತೆಯ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾದಾಗ, ಭಾರತದ ಇಸ್ಕಿ ಸಂಕೇತವಿನ್ಯಾಸವನ್ನು ಅನುಸರಿಸಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಮೀಸಲಿಟ್ಟರು. ೞಕಾರಕ್ಕೆ 3294ನೆಯ ಸ್ಥಾನ ದೊರೆಯಿತಾದರೂ ಅದರ ಅಧಿಕೃತ ಇಂಗ್ಲಿಷ್ ಹೆಸರು ‘ಕನ್ನಡ ಲೆಟರ್ ಫಾ’ ಎಂದಾಯಿತು. ಇದು ಅಪ್ಪಟ ತಪ್ಪು. ೞಕ್ಕೂ ಫಕಾರಕ್ಕೂ ಯಾವ ಸಂಬಂಧವೂ ಇಲ್ಲ. ತಪ್ಪು ಗೊತ್ತಾದ ಮೇಲೂ ಹೆಸರನ್ನು ಬದಲಿಸುವಂತಿರಲಿಲ್ಲ, ಏಕೆಂದರೆ ತಂತ್ರಾಂಶಗಳು ಸಂಖ್ಯೆಯನ್ನಷ್ಟೇ ಅಲ್ಲದೆ ಹೆಸರನ್ನೂ ನೆಚ್ಚಿರಬಹುದೆಂಬ ಕಾರಣದಿಂದ, ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಮಾರ್ಪಡಿಸಬಾರದೆಂಬ ನಿಯಮವನ್ನು ಯೂನಿಕೋಡ್ ಸ್ವೀಕರಿಸಿತ್ತು. ಕೊನೆಗೆ ಹಳೆಯ ಹೆಸರನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ‘ಕನ್ನಡ ಲೆಟರ್ ಎಲ್‌ಎಲ್‌ಎಲ್‌ಎ’ ಎಂಬ ಪರ್ಯಾಯನಾಮವನ್ನು ತಿದ್ದುಪಡಿಯಾಗಿ ದಾಖಲಿಸಲಾಯಿತು. ಪರಿಷ್ಕೃತ ಶಾಸನಸಂಪುಟಗಳು ಹಿಡಿದ ದಾರಿಗೆ ಇದು ತೀರ ವಿರುದ್ಧವಾದುದು, ನೋಡುವುದಕ್ಕೆ ಅಂದವಿಲ್ಲದಿದ್ದರೂ ಹೆಚ್ಚು ವಿವೇಕದ್ದು.

ಈ ತಿದ್ದುಪಡಿ ಬಳಕೆದಾರನಿಗೆ ತಲಪಬೇಕಾದರೆ ಅವನ ಪ್ರೋಗ್ರಾಮಿಂಗ್ ಭಾಷೆಯೂ ಅದನ್ನು ಒಳಗೊಳ್ಳಬೇಕು. 1991ರಲ್ಲೇ ಮೊದಲ ಬಾರಿಗೆ ಸಾರ್ವಜನಿಕರಿಗೆ ದೊರೆತ ಪೈಥಾನ್, ಯಾರು ಬೇಕಾದರೂ ಮೂಲಸಂಕೇತವನ್ನು ಓದಿ ತಿದ್ದಬಹುದಾದ ಮುಕ್ತ ಭಾಷೆ. ಅಕ್ಷರಗಳ ಹೆಸರು ಮತ್ತು ಗುಣಗಳ ಕೋಷ್ಟಕವನ್ನು ಅದು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಪರ್ಯಾಯನಾಮಗಳಿಗೆ ಅಲ್ಲಿ ಮನ್ನಣೆ ಸಿಕ್ಕಿದ್ದು 2012ರ 3.3ನೆಯ ಆವೃತ್ತಿಯಲ್ಲಿ. ಅಂದಿನಿಂದ ತಿದ್ದಿದ ಹೆಸರು ಕೊಟ್ಟು ಅಕ್ಷರವನ್ನು ಕೇಳಿದರೆ ಪೈಥಾನ್ ‘ೞ’ವನ್ನು ಕೊಡುತ್ತದೆ; ‘ೞ’ವನ್ನು ಕೊಟ್ಟು ಹೆಸರು ಕೇಳಿದರೆ ಮಾತ್ರ ಇಂದಿಗೂ ‘ಫಾ’ ಎಂದೇ ಉತ್ತರಿಸುತ್ತದೆ.

ಪೈಥಾನಿನ ಆವೃತ್ತಿಸಂಖ್ಯೆಗೆ ಮೂರು ಭಾಗಗಳಿವೆ. 3.11.2 ಎಂಬುದರಲ್ಲಿ ಕೊನೆಯ ಅಂಕೆ ನಿರ್ವಹಣೆಯ ಬಿಡುಗಡೆಯನ್ನು, ಅಂದರೆ ಹೊಸ ಸೌಲಭ್ಯವನ್ನೇನೂ ಸೇರಿಸದೆ ದೋಷಗಳನ್ನು ಮತ್ತು ಭದ್ರತೆಯ ಬಿರುಕುಗಳನ್ನು ಮಾತ್ರ ಸರಿಪಡಿಸುವ ಕಿರು ಪರಿಷ್ಕರಣೆಯನ್ನು ಸೂಚಿಸುತ್ತದೆ. ಅಕ್ಷರಗಳ ಕೋಷ್ಟಕ ನಡುವಿನ ಅಂಕೆ ಏರಿದಾಗಷ್ಟೇ ಹೊಸದಾಗುತ್ತದೆ, ಕೊನೆಯ ಅಂಕೆ ಎಷ್ಟೇ ಏರಿದರೂ ಅದಕ್ಕೆ ಕೈಹಚ್ಚುವುದಿಲ್ಲ. ನಿನ್ನೆ ಅಕ್ಷರವಲ್ಲದ ಸಂಕೇತ ಕಿರು ಪರಿಷ್ಕರಣೆಯೊಂದರ ಮರುದಿನ ಅಕ್ಷರವಾಗಿಬಿಟ್ಟರೆ, ಪದ ಎಲ್ಲಿ ಮುಗಿಯಿತೆಂದು ಅದರಿಂದಲೇ ನಿರ್ಣಯಿಸುವ ತಂತ್ರಾಂಶ ಒಡೆಯನಿಗೆ ಹೇಳದೆಯೇ ಬೇರೆ ಫಲಿತಾಂಶ ಕೊಡತೊಡಗುತ್ತದೆ.

ಹಳೆಯ ಶಾಸನ ಮತ್ತು ಹಸ್ತಪ್ರತಿಗಳಲ್ಲಿ ಸ್ವರವಿಲ್ಲದ ನಕಾರಕ್ಕೆ ಬಳಸುತ್ತಿದ್ದ ವಿಶೇಷ ರೂಪವಾದ ನಕಾರ ಪೊಲ್ಲು, ‘ೝ’, ಇದಕ್ಕೆ ಉದಾಹರಣೆ. ಯೂನಿಕೋಡಿನಲ್ಲಿ ೞಕಾರದ ಹಿಂದಿನ ಸ್ಥಾನವಾದ 3293 ಮೂವತ್ತು ವರ್ಷ ಖಾಲಿಯಿದ್ದು, 2021ರ ಸೆಪ್ಟೆಂಬರಿನಲ್ಲಿ ಬಂದ 14ನೆಯ ಆವೃತ್ತಿಯಲ್ಲಿ ಈ ರೂಪಕ್ಕೆ ದಕ್ಕಿತು. ಮರುತಿಂಗಳೇ ಬಿಡುಗಡೆಯಾದ ಪೈಥಾನ್ 3.10ರೊಳಗಿದ್ದದ್ದು 13ನೆಯ ಆವೃತ್ತಿಯ ಕೋಷ್ಟಕ. ಹೊಸ ಕೋಷ್ಟಕ 2022ರ ಅಕ್ಟೋಬರಿನಲ್ಲಿ 3.11ರೊಂದಿಗೆ ಬಂದಿತು. ಹೀಗಾಗಿ ನಕಾರ ಪೊಲ್ಲು ಇರುವ ಶಾಸನಪಾಠವೊಂದನ್ನು ಎರಡೂ ಆವೃತ್ತಿಗಳಿಗೆ ಒಪ್ಪಿಸಿ ಇದು ಅಕ್ಷರವೇ ಎಂದು ವಿಚಾರಿಸಿದರೆ 3.11 ಹೌದೆನ್ನುತ್ತದೆ, 3.10 ಅಲ್ಲವೆನ್ನುತ್ತದೆ. 2026ರ ಅಕ್ಟೋಬರ್‌ವರೆಗೆ ಭದ್ರತೆಯ ತಿದ್ದುಪಡಿಗಳಷ್ಟೇ ನಿಗದಿಯಾದ 3.10ರ ಯಾವ ಕಿರು ಪರಿಷ್ಕರಣೆಯೂ ಈ ಉತ್ತರವನ್ನು ಬದಲಿಸುವುದಿಲ್ಲ. ಆ ಪಾಠವನ್ನು ಸರಿಯಾಗಿ ಬಿಡಿಸಬೇಕೆನ್ನುವವರು ಮುಂದಿನ ಆವೃತ್ತಿಗೇ ಹೋಗಬೇಕು.