ಮಿದುಳಿನ ವರ್ಣಕೇಂದ್ರ: ಪರಿಕಲ್ಪನೆಯ ಇತಿಹಾಸ

ವಸ್ತುಗಳ ಮೇಲ್ಮೈಯ ಬಣ್ಣವನ್ನು ಗ್ರಹಿಸಲು ಮಿದುಳಿನಲ್ಲಿ ಪ್ರತ್ಯೇಕ ಭಾಗವೊಂದಿದೆ ಎಂಬ ಅಭಿಪ್ರಾಯ 19ನೆಯ ಶತಮಾನದ ಕೊನೆಗೆ ಮೂಡಿ, ಅನಂತರ ದಶಕಗಳ ಕಾಲ ಮೂಲೆಗುಂಪಾಗಿ, 1970ರ ದಶಕದಲ್ಲಿ ಮರಳಿ ಚರ್ಚೆಗೆ ಬಂತು. ಇದರ ಶೋಧವನ್ನು ನರವಿಜ್ಞಾನಿ ಸೆಮೀರ್ ಜೆಕಿ ಅವರೊಬ್ಬರ ಹೆಸರಿಗೆ ಬರೆಯುವುದುಂಟು. ಅದು ಸರಿಯಲ್ಲ, ಅವರೇ 1990ರ ಲೇಖನವೊಂದರಲ್ಲಿ ಹಿಂದಿನವರ ಕೆಲಸವನ್ನು ವಿವರವಾಗಿ ದಾಖಲಿಸಿದ್ದಾರೆ.

ಬೆಳಕು ಬದಲಾದರೂ ವಸ್ತುವಿನ ಬಣ್ಣ ಬಹುಮಟ್ಟಿಗೆ ಬದಲಾಗದಂತೆ ಕಾಣುವ ಸಂಗತಿಯನ್ನು ಗಾಸ್ಪಾರ್ ಮೊಂಜ್ 1789ರಲ್ಲೇ ಪ್ಯಾರಿಸ್ಸಿನಲ್ಲಿ ಚರ್ಚಿಸಿದ್ದರು. ಬೆಳಕಿನ ಪಾಲನ್ನು ಮನಸ್ಸು ಅರಿವಿಲ್ಲದೆಯೇ ಊಹಿಸಿ ಕಳೆಯುತ್ತದೆ ಎಂದವರು ಹೆಲ್ಮ್‌ಹೋಲ್ಟ್ಸ್.

1888ರಲ್ಲಿ ಸ್ವಿಸ್ ನೇತ್ರವೈದ್ಯ ಲೂಯಿ ವೆರೇ ಒಬ್ಬ ಮಹಿಳೆಯ ಪ್ರಕರಣ ಪ್ರಕಟಿಸಿದರು. ಪಾರ್ಶ್ವವಾಯುವಿನ ಬಳಿಕ ಆಕೆಗೆ ದೃಷ್ಟಿಕ್ಷೇತ್ರದ ಬಲ ಅರ್ಧದಲ್ಲಿ ಎಲ್ಲವೂ ಬೂದುಬಣ್ಣವಾಗಿ ಕಾಣುತ್ತಿತ್ತು. ಶವಪರೀಕ್ಷೆಯಲ್ಲಿ ಎಡ ಮಿದುಳಿನ ಹಿಂಭಾಗದ ತಳದಲ್ಲಿರುವ ಲಿಂಗ್ವಲ್ ಮತ್ತು ಫ್ಯೂಸಿಫಾರ್ಮ್ ಮಡಿಕೆಗಳು ಹಾನಿಗೊಂಡಿದ್ದುದು ಕಂಡಿತು. ಸಾಕ್ಷ್ಯ ಇಷ್ಟು ಸ್ಪಷ್ಟವಾಗಿದ್ದರೂ ಅದು ನಿಲ್ಲಲಿಲ್ಲ. ಮೊದಲ ಮಹಾಯುದ್ಧದಲ್ಲಿ ತಲೆಗೆ ಗುಂಡೇಟು ತಿಂದ ಸೈನಿಕರನ್ನು ಪರೀಕ್ಷಿಸಿದ ನರರೋಗತಜ್ಞ ಗಾರ್ಡನ್ ಹೋಮ್ಸ್, ಬಣ್ಣವೊಂದೇ ಪ್ರತ್ಯೇಕವಾಗಿ ನಷ್ಟವಾದ ಉದಾಹರಣೆ ತಮಗೆ ಸಿಗಲಿಲ್ಲ ಎಂದರು. ಆದರೆ ತಲೆಯ ಹಿಂಬದಿಯ ಕೆಳಭಾಗಕ್ಕೆ ಗುಂಡು ತಗುಲಿದರೆ ಅಲ್ಲಿನ ದೊಡ್ಡ ರಕ್ತನಾಳಗಳು ಹರಿದು ಸಾವು ಸಂಭವಿಸುವುದೇ ಹೆಚ್ಚು. ಅಂದರೆ ವೆರೇ ಸೂಚಿಸಿದ ಜಾಗಕ್ಕೆ ಪೆಟ್ಟುಬಿದ್ದವರು ಬದುಕುಳಿದು ಹೋಮ್ಸ್ ಮುಂದೆ ಕೂರುವ ಸಂಭವವೇ ಕಡಿಮೆಯಿತ್ತು. ಹೋಮ್ಸ್ ಅವರ ಅಧಿಕಾರವಾಣಿಯ ಮುಂದೆ ಈ ಕೊರತೆ ಗೌಣವಾಯಿತೆಂದೇ ಹೇಳಬೇಕು.

1973ರಲ್ಲಿ ಜೆಕಿ, ಕೋತಿಯ ಮಿದುಳಿನಲ್ಲಿ ವಿ4 ಎಂದು ಕರೆಯುವ ದೃಷ್ಟಿಪ್ರದೇಶದಲ್ಲಿ ಬಣ್ಣಕ್ಕೆ ಸ್ಪಂದಿಸುವ ಕೋಶಗಳನ್ನು ವರದಿ ಮಾಡಿದರು, ಮರುವರ್ಷ ಜೆ. ಸಿ. ಮೆಡೋಸ್ ಹಳೆಯ ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಿ ವೆರೇ ಅವರ ವಾದಕ್ಕೆ ಜೀವ ಕೊಟ್ಟರು. ಬೆಳಕು ಬದಲಾದರೂ ಬಣ್ಣ ಬದಲಾಗದಂತೆ ಕಾಣುವುದನ್ನು ತೋರಿಸಲು ಪೊಲರಾಯ್ಡ್ ಕ್ಯಾಮೆರಾದ ಎಡ್ವಿನ್ ಲ್ಯಾಂಡ್ ಬಣ್ಣದ ಕಾಗದದ ತುಂಡುಗಳಿಂದ ರೂಪಿಸಿದ್ದ ಪ್ರದರ್ಶನವನ್ನೇ ಜೆಕಿ ಕೋತಿಗಳ ಮೇಲೆ ಬಳಸಿದರು. ಮೊದಲ ದೃಷ್ಟಿಪ್ರದೇಶದ ಕೋಶಗಳು ಬೆಳಕಿನ ತರಂಗದೂರಕ್ಕೂ, ವಿ4ರ ಕೆಲವು ಕೋಶಗಳು ಮನುಷ್ಯರಿಗೆ ಕಾಣುವ ಬಣ್ಣಕ್ಕೂ ಸ್ಪಂದಿಸಿದವು.

ವಿವಾದ ಮುಗಿಯಲಿಲ್ಲ. ಬೇರೆ ಪ್ರಯೋಗಾಲಯಗಳಿಗೆ ವಿ4ರಲ್ಲಿ ಅಷ್ಟು ಪ್ರಮಾಣದ ವರ್ಣಕೋಶಗಳು ಸಿಗಲಿಲ್ಲ. ವಿ4 ತೆಗೆದ ಕೋತಿಗಳಲ್ಲೂ ಬಣ್ಣದ ವಿವೇಚನೆ ಬಹುಪಾಲು ಉಳಿದಿತ್ತು ಎಂದು ಹೇವುಡ್ ಮತ್ತು ಕೌವಿ ತೋರಿಸಿದರು. ಅದಕ್ಕೂ ಮುಂದಿನ ಭಾಗ ಹಾನಿಗೊಂಡಾಗಲೇ ನಷ್ಟ ತೀವ್ರವಾಗಿತ್ತು.

ಬಣ್ಣ ಮತ್ತು ಆಕಾರ ಒಟ್ಟಿಗೇ ಹೋಗುತ್ತವೆಂಬ ಹೋಮ್ಸ್ ನಿಲುವಿಗೆ ಅನಿರೀಕ್ಷಿತ ದಿಕ್ಕಿನಿಂದ ಪೆಟ್ಟುಬಿತ್ತು. ಕಾರ್ಬನ್ ಮಾನಾಕ್ಸೈಡ್ ವಿಷದಿಂದ ಮಿದುಳು ಹಾನಿಗೊಂಡ 'ಡಿ.ಎಫ್.' ಎಂಬ ರೋಗಿಗೆ ಆಕಾರ ತಿಳಿಯುತ್ತಿರಲಿಲ್ಲ, ಬಣ್ಣ ತಿಳಿಯುತ್ತಿತ್ತು.

ಮನುಷ್ಯರಲ್ಲಿ ಈ ಕೇಂದ್ರದ ಹೆಸರಿನ ಬಗ್ಗೆಯೂ ಒಮ್ಮತವಿಲ್ಲ. 1998ರಲ್ಲಿ ನೂಶಿನ್ ಹಾಜಿಖಾನಿ ಮತ್ತು ಸಂಗಡಿಗರು ಅದು ವಿ4 ಅಲ್ಲ, ಬೇರೊಂದು ಪ್ರದೇಶವೆಂದು ವಾದಿಸಿ ವಿ8 ಎಂದು ಕರೆದರು. ಜೆಕಿ ಇದನ್ನು ಒಪ್ಪಲಿಲ್ಲ.